ಬಾನಾಡಿಗಳ ಭೇದವನ್ನರಿತ ವೈದ್ಯ: ಥಾಮಸ್ ಜರ್ಡನ್

ಹಾಲನ್ನೂ ನೀರನ್ನೂ ಬೇರ್ಪಡಿಸುವ ಹಂಸವನ್ನು ನಮ್ಮ ಕವಿಗಳು ಶತಮಾನಗಳಿಂದ ಕೊಂಡಾಡುತ್ತ ಬಂದಿದ್ದಾರೆ. ಆದರೆ ಒಂದು ಹಕ್ಕಿಯನ್ನು ಅದರಂತೆಯೇ ಕಾಣುವ ಇನ್ನೊಂದು ಹಕ್ಕಿಯಿಂದ ಬೇರ್ಪಡಿಸಿ ತಿಳಿಯುವ ವಿವೇಕವು ಬೇಡರ, ಬಲೆಗಾರರ, ಕಾಡುಮೇಡುಗಳಲ್ಲಿ ಬಾಳುವವರ ಬಾಯಲ್ಲಿ ಉಳಿದುಕೊಂಡಿತೇ ಹೊರತು, ಕ್ರಮಬದ್ಧವಾಗಿ ಗ್ರಂಥಸ್ಥವಾಗಲು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ಆ ಕಾರ್ಯಕ್ಕೆ ಆಯುಷ್ಯವನ್ನು ಮುಡಿಪಾಗಿಟ್ಟವರಲ್ಲಿ ಮದರಾಸಿನ ಸೈನ್ಯದ ವೈದ್ಯರಾಗಿದ್ದ ಥಾಮಸ್ ಕ್ಯಾವರ್‌ಹಿಲ್ ಜರ್ಡನ್ ಅಗ್ರಗಣ್ಯರು. ಅವರ ಹೆಸರನ್ನು ಹೊತ್ತ ಹಕ್ಕಿಗಳು ಹಲವುಂಟು. ಅವರ ಬಾಳಿನ ಸ್ವರೂಪವನ್ನು ಅರಿಯಲು ಮಾತ್ರ ಬಾನಾಡಿಗಳೆಂಬ ಒಂದು ಸಣ್ಣ ಕುಲವೇ ಸಾಕು.

ಕಾವ್ಯದಲ್ಲಿ ಬಾನಾಡಿ ಎಂದರೆ ಯಾವ ಹಕ್ಕಿಯಾದರೂ ಆದೀತು. ಕನ್ನಡದ ಪಕ್ಷಿವೀಕ್ಷಕರು ಆ ಮಾತನ್ನು ಇಂಗ್ಲಿಷಿನಲ್ಲಿ ಸ್ವಿಫ್ಟ್ ಎನ್ನಿಸಿಕೊಳ್ಳುವ ಕುಲಕ್ಕೆ ಸಲ್ಲಿಸಿದ್ದಾರೆ. ಅದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ. ದಾವಣಗೆರೆಯ ವಿನೋಬನಗರದ ಮನೆಗಳ ಮೇಲೆ ಸಂಜೆಯ ಹೊತ್ತು ಕೀರಲು ದನಿಯಿಂದ ಕೂಗುತ್ತ, ಕುಡುಗೋಲಿನಂತೆ ಬಾಗಿದ ರೆಕ್ಕೆಗಳನ್ನು ಬೀಸುತ್ತ ಸುತ್ತುವ ಕಪ್ಪು ಹಕ್ಕಿಗಳೇ ಮನೆ ಬಾನಾಡಿಗಳು. ಅವುಗಳ ಸೊಂಟದ ಮೇಲೆ ಬಿಳಿಯ ಪಟ್ಟಿಯೊಂದುಂಟು. ಹರಿಹರದ ಹರಿಹರೇಶ್ವರ ದೇವಾಲಯದಂತಹ ಹಳೆಯ ಕಲ್ಲುಗುಡಿಗಳ ಚಾವಣಿ, ಸೇತುವೆಯ ಕಮಾನು, ಮಹಡಿಯ ಅಡಿಭಾಗ ಇವು ಈ ಜಾತಿಯ ಹಕ್ಕಿಗೆ ಒಗ್ಗಿದ ನೆಲೆಗಳು. ಗಾಳಿಯಲ್ಲಿ ತೇಲುವ ಗರಿ, ಹುಲ್ಲುಗಳನ್ನು ಹಾರುತ್ತಲೇ ಹಿಡಿದು ತಂದು, ತಮ್ಮ ಜೊಲ್ಲಿನಿಂದ ಅಂಟಿಸಿ ಅವು ಗೂಡು ಕಟ್ಟುತ್ತವೆ. ತಂತಿಯ ಮೇಲೆ ಸಾಲಾಗಿ ಕುಳಿತುಕೊಳ್ಳುವ ಕವಲುತೋಕೆಗಳನ್ನು ಇವುಗಳ ಬಂಧುಗಳೆಂದು ಭಾವಿಸುವವರು ಇಂದಿಗೂ ಇದ್ದಾರೆ. ವಾಸ್ತವವಾಗಿ ಕವಲುತೋಕೆಯು ಗುಬ್ಬಿಯ ಗಣಕ್ಕೆ ಸೇರಿದುದು. ಬಾನಾಡಿಯ ದೂರದ ದಾಯಾದಿಯಾದರೋ ಅಮೆರಿಕ ಖಂಡದ ಝೇಂಕಾರದ ಹಕ್ಕಿ. ಬಾನಾಡಿಯ ಕಾಲು ಗೋಡೆಗೆ ಜೋತುಬೀಳಲು ತಕ್ಕುದೇ ವಿನಾ ಕೊಂಬೆಯ ಮೇಲೆ ಕುಳಿತುಕೊಳ್ಳಲು ಬಾರದು. ಕಾಲಿಲ್ಲದ್ದು ಎಂಬರ್ಥದ ಗ್ರೀಕ್ ಮಾತಿನಿಂದಲೇ ಅದರ ಶಾಸ್ತ್ರೀಯ ನಾಮ ಹುಟ್ಟಿದೆ.

ಕೂರದ, ನಿಲ್ಲದ, ಕೈಗೆ ಸಿಕ್ಕದ ಈ ಹಕ್ಕಿಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಹೇಳುವುದು ಇಂದಿನ ಉತ್ತಮ ದುರ್ಬೀನುಗಳಿಂದಲೂ ಸುಲಭವಲ್ಲ. ಹಾಗಿರುವಾಗ ನೂರೈವತ್ತು ವರ್ಷಗಳಿಗೂ ಹಿಂದೆ ಅದನ್ನು ಮಾಡಹೊರಟವರ ಸಾಹಸ ಎಂತಹುದು!

ಜರ್ಡನ್ನರು ಜನಿಸಿದ್ದು ೧೮೧೧ನೆಯ ಇಸವಿಯ ಅಕ್ಟೋಬರ್ ೧೨ರಂದು, ಇಂಗ್ಲೆಂಡಿನ ಡರ್ಹಮ್ ಪ್ರಾಂತದಲ್ಲಿ. ಮನೆತನ ಸ್ಕಾಟ್ಲೆಂಡಿನ ಗಡಿನಾಡಿನದು. ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ೧೮೨೮ರಲ್ಲಿ ಸೇರಿದಾಗ ಅವರ ವ್ಯಾಸಂಗ ಸಾಹಿತ್ಯದ ಕಡೆಗಿತ್ತು. ಅಲ್ಲಿ ರಾಬರ್ಟ್ ಜೇಮ್‌ಸನ್ ಎಂಬ ಪ್ರಾಧ್ಯಾಪಕರ ಪ್ರಕೃತಿ ವಿಜ್ಞಾನದ ತರಗತಿಗಳಲ್ಲಿ ಕುಳಿತರು. ಮರುವರ್ಷವೇ ವೈದ್ಯಶಾಸ್ತ್ರಕ್ಕೆ ತಿರುಗಿದರು. ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ನೇಮಕಗೊಂಡು, ೧೮೩೬ರ ಫೆಬ್ರವರಿಯಲ್ಲಿ ಮದರಾಸಿನಲ್ಲಿ ಹಡಗಿನಿಂದಿಳಿದಾಗ ಅವರ ವಯಸ್ಸು ಇಪ್ಪತ್ತನಾಲ್ಕು. ಮೊದಲು ಗಂಜಾಂ ಪ್ರದೇಶದಲ್ಲಿ ಜ್ವರ, ಆಮಶಂಕೆಗಳಿಂದ ನರಳುತ್ತಿದ್ದ ಸಿಪಾಯಿಗಳ ಆರೈಕೆ. ಮರುವರ್ಷ ತಿರುಚಿರಾಪಳ್ಳಿಯಲ್ಲಿ ಅಶ್ವದಳದ ವೈದ್ಯವೃತ್ತಿ. ದಳವು ಪಯಣಿಸಿದಂತೆಲ್ಲ ವೈದ್ಯರೂ ಪಯಣಿಸಿದರು; ದಾರಿಯುದ್ದಕ್ಕೂ ಹಕ್ಕಿಗಳನ್ನು ಸಂಗ್ರಹಿಸಿದರು.

ಸಂಗ್ರಹಿಸಿದುದನ್ನು ಗುರುತಿಸುವವರು ಯಾರು? ಮದರಾಸಿನಲ್ಲಿ ಅಂದು ತಕ್ಕ ವಸ್ತುಸಂಗ್ರಹಾಲಯವಿರಲಿಲ್ಲ. ಹಕ್ಕಿಗಳ ಚರ್ಮಗಳನ್ನು ಒಣಗಿಸಿ ವಿಲಾಯತಿಯ ಪಂಡಿತರಿಗೆ ಕಳುಹಿಸಿ, ಅವರ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯುವುದೇ ಪದ್ಧತಿ. ಜರ್ಡನ್ನರೂ ಸ್ಕಾಟ್ಲೆಂಡಿನ ಸರ್ ವಿಲಿಯಂ ಜಾರ್ಡಿನ್ ಅವರಿಗೆ ತಮ್ಮ ಸಂಗ್ರಹವನ್ನು ಕಳುಹಿಸಿಕೊಟ್ಟರು. ಅದು ತಲುಪುವಷ್ಟರಲ್ಲಿ ಚರ್ಮಗಳಿಗೆ ನುಸಿ ಹಿಡಿದಿತ್ತು. ಬೇರೊಬ್ಬರಾಗಿದ್ದರೆ ಕೈಚೆಲ್ಲಿ ಕುಳಿತುಕೊಳ್ಳುತ್ತಿದ್ದರೋ ಏನೋ. ಜರ್ಡನ್ನರು ಅಂದಿನಿಂದ ತಮ್ಮ ಕಣ್ಣನ್ನೇ ನೆಚ್ಚಿದರು. ೧೮೩೯-೪೦ರಲ್ಲಿ ಮದರಾಸಿನ ಸಾಹಿತ್ಯ-ವಿಜ್ಞಾನ ಪತ್ರಿಕೆಯಲ್ಲಿ ದಕ್ಷಿಣ ಭಾರತದ ಹಕ್ಕಿಗಳ ಪಟ್ಟಿಯೊಂದನ್ನು ಭಾಗಭಾಗವಾಗಿ ಪ್ರಕಟಿಸಿದರು. ಅದರಲ್ಲಿ ೪೨೦ ಪ್ರಭೇದಗಳಿದ್ದವು. ಅದಕ್ಕೆ ಹಿಂದೆ, ೧೮೩೨ರಲ್ಲಿ ಕರ್ನಲ್ ಸೈಕ್ಸ್ ಅವರು ದಖ್ಖನಿನ ಹಕ್ಕಿಗಳನ್ನು ಕುರಿತು ಸಿದ್ಧಪಡಿಸಿದ್ದ ಪಟ್ಟಿಗಿಂತ ಇದು ಸುಮಾರು ಇಮ್ಮಡಿ ದೊಡ್ಡದು.

ಈ ಕಾರ್ಯದಲ್ಲಿ ಅವರಿಗೆ ನೆರವಾದವರೊಬ್ಬರು ಕನ್ನಡಿಗರಿಗೆ ಅಪರಿಚಿತರಲ್ಲ. ೧೮೨೪ರಲ್ಲಿ ಕಿತ್ತೂರಿನ ಕೋಟೆಯೆದುರು ಕಲೆಕ್ಟರ್ ಥ್ಯಾಕರೆ ಮಡಿದಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕು, ತರುವಾಯ ಬಿಡುಗಡೆ ಹೊಂದಿದ ವಾಲ್ಟರ್ ಎಲಿಯಟ್ ಅವರೇ ಆ ಮಹನೀಯರು. ಎಲಿಯಟ್ಟರು ೧೮೩೩ರವರೆಗೆ ಧಾರವಾಡದ ಸೀಮೆಯಲ್ಲಿದ್ದು, ಕನ್ನಡ ಕಲಿತು, ಆರು ನೂರರ ಸಮೀಪದಷ್ಟು ಶಾಸನಗಳ ಪ್ರತಿಗಳನ್ನು ಕೂಡಿಸಿದರು. ಚಾಲುಕ್ಯರ ಚರಿತ್ರೆಯನ್ನು ಮೊದಲಿಗೆ ಜೋಡಿಸಲೆತ್ನಿಸಿದವರಲ್ಲಿ ಒಬ್ಬರಾದರು. ಅದೇ ಸೀಮೆಯ ಪ್ರಾಣಿಗಳನ್ನು ಕುರಿತು ೧೮೩೯ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಕನ್ನಡದ ಹೆಸರುಗಳೂ ಸ್ಥಾನ ಪಡೆದವು. ಎಲಿಯಟ್ಟರು ಹಕ್ಕಿಗಳ ಬಗ್ಗೆ ತಾವು ಬರೆದಿಟ್ಟುಕೊಂಡಿದ್ದ ಟಿಪ್ಪಣಿಗಳನ್ನು ಕಿರಿಯ ಮಿತ್ರರಾದ ಜರ್ಡನ್ನರಿಗೆ ಧಾರಾಳವಾಗಿ ಒಪ್ಪಿಸಿದರು. ಹೀಗೆ ನಮ್ಮ ಬಯಲುಸೀಮೆಯ ಹಕ್ಕಿಗಳ ತಿಳಿವಳಿಕೆಯೂ ಆ ಮದರಾಸಿನ ಪಟ್ಟಿಯೊಳಗೆ ಸೇರಿತು. ಮೂರು ದಶಕಗಳ ಬಳಿಕ ಜರ್ಡನ್ನರ ಚರಮಚರಿತ್ರೆಯನ್ನು ಬರೆಯುವ ಕರ್ತವ್ಯವೂ ಎಲಿಯಟ್ಟರ ಪಾಲಿಗೇ ಬಂದಿತು.

ಬಾನಾಡಿಗಳ ಕಥೆ ಮೊದಲಾಗುವುದು ನೀಲಗಿರಿಯಲ್ಲಿ. ಕೂನೂರಿನ ಘಟ್ಟದಲ್ಲಿ ಜರ್ಡನ್ನರಿಗೆ ಮೈಯೆಲ್ಲ ಒಂದೇ ಕಂದು ಬಣ್ಣದ, ಬಿಳಿಯ ಗುರುತೇನೂ ಇಲ್ಲದ ಪುಟ್ಟ ಹಕ್ಕಿಯೊಂದು ದೊರೆಯಿತು. ೧೮೪೦ರಲ್ಲಿ ಅದಕ್ಕೆ ಏಕವರ್ಣ ಎಂಬರ್ಥದ ನಾಮವನ್ನು ಕೊಟ್ಟರು. ಆದರೆ ಅದನ್ನು ಸೇರಿಸಿದ್ದು ಕವಲುತೋಕೆಗಳ ಕುಲಕ್ಕೆ! ಇಂದು ಆ ಹಕ್ಕಿ ಬಾನಾಡಿಗಳ ಬಳಗದಲ್ಲಿದೆ. ಗುಹೆಗಳ ಕತ್ತಲೆಯಲ್ಲಿ ಗೂಡು ಕಟ್ಟುವ ಕಿರುಬಾನಾಡಿ ಎಂದು ಅದನ್ನು ಕರೆಯಬಹುದು. ಬೆಳಕಿಲ್ಲದೆಡೆಯಲ್ಲಿ ಟಿಕ್‌ಟಿಕ್ ಎಂಬ ಸದ್ದು ಮಾಡುತ್ತ, ಅದರ ಮಾರ್ದನಿಯಿಂದಲೇ ದಾರಿ ಕಾಣುವ ಸಾಮರ್ಥ್ಯ ಅದಕ್ಕುಂಟು. ಕುಲ ತಪ್ಪಿದರೂ ಪ್ರಭೇದ ತಪ್ಪಲಿಲ್ಲ ಎಂಬುದು ಗಮನಿಸತಕ್ಕ ಅಂಶ. ಕೈಯಲ್ಲಿರುವುದು ಇದುವರೆಗೆ ಯಾರೂ ಬೇರೆಯೆಂದು ಹೇಳದ ಹಕ್ಕಿ ಎಂಬುದನ್ನು ಅವರ ಕಣ್ಣು ಹಿಡಿದಿತ್ತು. ಆದುದರಿಂದಲೇ ಕುಲನಾಮ ಬದಲಾದರೂ ಅವರಿಟ್ಟ ಏಕವರ್ಣವೆಂಬ ನಾಮ ಇಂದಿಗೂ ಉಳಿದುಬಂದಿದೆ.

ಮುಂದೆ ಪಡುವಣ ಕರಾವಳಿಯಲ್ಲಿಯೂ ಇದೇ ಜಾತಿಯ ನೆಲೆಗಳನ್ನು ಅವರು ಅರಸಿದರು. ಹೊನ್ನಾವರದ ದಕ್ಷಿಣಕ್ಕೆ, ಮುರ್ಡೇಶ್ವರದಿಂದ ಸಮುದ್ರದೊಳಗಿರುವ ನೇತ್ರಾಣಿ ದ್ವೀಪವನ್ನು ಆಂಗ್ಲರು ಪಾರಿವಾಳಗಳ ದ್ವೀಪವೆಂದು ಕರೆಯುತ್ತಿದ್ದರು. ಅಲ್ಲಿ ಕಿರುಬಾನಾಡಿಗಳು ಗೂಡು ಕಟ್ಟುವ ಸಂಗತಿಯನ್ನು ಜರ್ಡನ್ನರು ತಮ್ಮ ಗ್ರಂಥದಲ್ಲಿ ದಾಖಲಿಸಿದರು. ಅಂತೆಯೇ ಗೇರುಸೊಪ್ಪೆಯ ಜಲಪಾತ, ಎಂದರೆ ನಮ್ಮ ಜೋಗ, ಅವರ ಬರಹದಲ್ಲಿ ಬಂದಿರುವುದು ಅಲ್ಲಿಯ ಬಂಡೆಗೋಡೆಗಳಲ್ಲಿ ಸಂತಾನ ಬೆಳೆಸುವ ದೊಡ್ಡ ಬಾನಾಡಿಗಳ ಕಾರಣದಿಂದ. ಬಿಳಿಯ ಹೊಟ್ಟೆ, ಎದೆಗೆ ಅಡ್ಡಲಾಗಿ ಕಂದು ಪಟ್ಟಿ ಇರುವ ಈ ಹಕ್ಕಿ ಆಲ್ಪ್ಸ್ ಪರ್ವತದ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಇದೇ ಪ್ರಭೇದದ ಹಕ್ಕಿಗಳು ಇನ್ನೂರು ದಿನಗಳವರೆಗೂ ನೆಲ ಮುಟ್ಟದೆ ಹಾರಬಲ್ಲವೆಂದು ೨೦೧೩ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಸಣ್ಣ ಯಂತ್ರಗಳನ್ನು ಕಟ್ಟಿ ಕಂಡುಹಿಡಿದರು. ಜೋಗದ ೨೫೩ ಮೀಟರುಗಳ ಪ್ರಪಾತದ ಅಂಚಿನಲ್ಲಿ ನಿಂತವನಿಗೆ ಒಂದು ಅನುಕೂಲವಿದೆ: ಊರಿನ ಆಕಾಶದಲ್ಲಿ ಬಾನಾಡಿಯ ಹೊಟ್ಟೆ ಮಾತ್ರ ಕಾಣುತ್ತದೆ, ಪ್ರಪಾತದಲ್ಲಿ ಅದು ನೋಡುವವನ ಕಾಲ ಕೆಳಗೆ ಹಾರುವುದರಿಂದ ಬೆನ್ನೂ ಸೊಂಟವೂ ಕಾಣಸಿಗುತ್ತವೆ. ಬಾನಾಡಿಗಳ ಭೇದವನ್ನು ಅರಿಯಲು ಇದು ಎಷ್ಟು ಮುಖ್ಯವೆಂಬುದು ಮುಂದೆ ವಿದಿತವಾಗುತ್ತದೆ.

೧೮೪೧ರಲ್ಲಿ ಜರ್ಡನ್ನರ ವಿವಾಹವಾಯಿತು. ತರುವಾಯದ ವರ್ಷಗಳಲ್ಲಿ ನೆಲ್ಲೂರಿನಲ್ಲಿಯೂ, ೧೮೪೭ರಿಂದ ಮಲಬಾರಿನ ತಲಚೇರಿಯಲ್ಲಿಯೂ ನಾಗರಿಕ ವೈದ್ಯರಾಗಿ ಸೇವೆ ಸಲ್ಲಿಸಿದರು. ನೆಲ್ಲೂರಿನಲ್ಲಿ ಅವರಿಗೆ ಗುರುಗಳಾಗಿ ಒದಗಿದವರು ಕಾಡನ್ನೇ ನಂಬಿ ಬದುಕುತ್ತಿದ್ದ ಯಾನಾದಿ ಜನ. ಹಾವು, ಹಕ್ಕಿ, ಇರುವೆಗಳ ವಿಷಯದಲ್ಲಿ ಆ ಜನರ ಅರಿವು ಅಪಾರವಾಗಿತ್ತು. ೧೮೪೩ರಿಂದ ೧೮೪೭ರವರೆಗೆ ಭಾರತದ ಹಕ್ಕಿಗಳ ಚಿತ್ರಸಂಪುಟವೊಂದನ್ನು ಹೊರತಂದರು. ಅದರ ೫೦ ಚಿತ್ರಫಲಕಗಳ ಹಿಂದೆ ನಮ್ಮವರೇ ಆದ ಚಿತ್ರಗಾರರ ಕುಂಚವಿತ್ತು. ೧೮೫೧ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯನ್ನು ಪ್ರಕಟಿಸಿದರು. ನಮ್ಮ ತೋಟ, ಬಯಲುಗಳಲ್ಲಿ ಕುಪ್ಪಳಿಸುತ್ತ ಬೇಟೆಯಾಡುವ, ಉದ್ದ ದವಡೆಯ ಇರುವೆಗೆ ಶಾಸ್ತ್ರೀಯ ನಾಮ ದೊರೆತದ್ದು ಆ ಪಟ್ಟಿಯಲ್ಲಿಯೇ.

೧೮೫೭ರ ದಂಗೆಯ ಕಾಲಕ್ಕೆ ಅವರು ಸಾಗರ್‌ನಲ್ಲಿದ್ದರು. ಇದು ನಮ್ಮ ಮಲೆನಾಡಿನ ಸಾಗರವಲ್ಲ, ಮಧ್ಯಭಾರತದ ಸಾಗರ್; ಹೆಸರು ಒಂದೇ ಆದರೂ ಊರು ಬೇರೆ. ದಂಗೆಯ ದಿನಗಳು ಕಳೆದ ಮೇಲೆ ಗವರ್ನರ್ ಜನರಲ್ ಲಾರ್ಡ್ ಕ್ಯಾನಿಂಗ್ ಅವರು ಜರ್ಡನ್ನರನ್ನು ವಿಶೇಷ ಕಾರ್ಯಕ್ಕೆಂದು ನಿಯೋಜಿಸಿದರು. ಭಾರತದ ಕಶೇರುಕ ಪ್ರಾಣಿಗಳೆಲ್ಲವನ್ನೂ ಕುರಿತು, ಕೈಯಲ್ಲಿ ಹಿಡಿದು ತಿರುಗಬಹುದಾದ ಗ್ರಂಥಮಾಲೆಯೊಂದನ್ನು ರಚಿಸುವುದು ಆ ಕಾರ್ಯ. ಅದರ ಮೊದಲ ಫಲವೇ ೧೮೬೨ರಿಂದ ೧೮೬೪ರವರೆಗೆ ಕಲ್ಕತ್ತೆಯಲ್ಲಿ ಅಚ್ಚಾದ ಭಾರತದ ಹಕ್ಕಿಗಳು ಎಂಬ ಗ್ರಂಥ. ಸಾವಿರಕ್ಕೆ ಮೀರಿದ ಪ್ರಭೇದಗಳನ್ನು ಅದು ಒಳಗೊಂಡಿತ್ತು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಲಕ್ಷಣ, ಅಳತೆ, ನೆಲೆ, ನಡೆ. ದೊರೆತ ಕಡೆಗಳಲ್ಲೆಲ್ಲ ದೇಶಭಾಷೆಗಳ ಹೆಸರು. ವಸ್ತುಸಂಗ್ರಹಾಲಯವಾಗಲಿ ಪುಸ್ತಕಭಂಡಾರವಾಗಲಿ ಇಲ್ಲದ ದೂರದ ಠಾಣ್ಯದಲ್ಲಿರುವವನು ತನ್ನ ಮುಂದಿನ ಹಕ್ಕಿಯನ್ನು ತಾನೇ ಗುರುತಿಸುವಂತಾಗಬೇಕೆಂಬುದು ಅವರ ಉದ್ದೇಶ. ನುಸಿ ತಿಂದ ಚರ್ಮಗಳ ಪಾಠವನ್ನು ಅವರು ಮರೆತಿರಲಿಲ್ಲವೆಂದು ತೋರುತ್ತದೆ.

ಈ ಗ್ರಂಥದಲ್ಲಿಯೇ, ೧೮೬೪ರಲ್ಲಿ, ಚೂಪುತೋಕೆಯ ಬಾನಾಡಿಯ ಮೊದಲ ಶಾಸ್ತ್ರೀಯ ವರ್ಣನೆ ಬಂದದ್ದು. ಅದರ ಹಿನ್ನೆಲೆಯಲ್ಲಿ ಮತ್ತೊಬ್ಬರ ಹೆಸರನ್ನು ನೆನೆಯಬೇಕು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ೧೮೪೧ರಿಂದ ಎರಡು ದಶಕಗಳ ಕಾಲ ನೋಡಿಕೊಂಡ ಎಡ್ವರ್ಡ್ ಬ್ಲೈತ್ ಅವರು ಜರ್ಡನ್ನರಿಗಿಂತ ಒಂದೇ ವರ್ಷ ಹಿರಿಯರು. ಜರ್ಡನ್ನರು ಕಾಡಿನಲ್ಲಿ, ಬ್ಲೈತರು ಕಪಾಟುಗಳ ನಡುವೆ. ಇಬ್ಬರ ನಡುವೆ ಪತ್ರಗಳ, ಮಾದರಿಗಳ ಸಂಚಾರ. ಆ ಬ್ಲೈತರು ೧೮೪೫ರಲ್ಲಿ ಒಂದು ಕವಲು ಬಾಲದ ಬಾನಾಡಿಯನ್ನು ವರ್ಣಿಸಿದ್ದರು. ಹಿಮಾಲಯದ ತಪ್ಪಲುಗಳಲ್ಲಿ ಸಂತಾನ ಬೆಳೆಸಿ, ಚಳಿಗಾಲದಲ್ಲಿ ದಕ್ಷಿಣ ಭಾರತದವರೆಗೂ ಬರುವ ಆ ಹಕ್ಕಿ ಇಂದು ಬ್ಲೈತರ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಜರ್ಡನ್ನರು ವರ್ಣಿಸಿದ್ದು ಅದರ ಹತ್ತಿರದ ಬಂಧು.

ಇವೆರಡರ ಭೇದವೆಂತಹುದು? ಗಾತ್ರ ಹೆಚ್ಚುಕಡಿಮೆ ಒಂದೇ. ಬಣ್ಣ ಎರಡರದೂ ಕಪ್ಪು. ರೆಕ್ಕೆಯ ಬಾಗು, ಬಾಲದ ಕವಲು ಎರಡಕ್ಕೂ ಉಂಟು. ಆದರೆ ಬ್ಲೈತರ ಬಾನಾಡಿಯ ಸೊಂಟದ ಮೇಲೆ ಬಿಳಿಯ ಪಟ್ಟಿಯಿದೆ; ಜರ್ಡನ್ನರ ಬಾನಾಡಿಯ ಸೊಂಟ ಬೆನ್ನಿನಷ್ಟೇ ಕಪ್ಪು. ಎರಡನೆಯದರ ಬಾಲದ ಕವಲು ಹೆಚ್ಚು ಆಳ. ಅಂಚಿನ ಗರಿಗಳು ಸೂಜಿಯಂತೆ ಚೂಪಾಗಿ ಮುಗಿಯುತ್ತವೆ. ಆ ಚೂಪೇ ಅದರ ಶಾಸ್ತ್ರೀಯ ನಾಮದ ಅರ್ಥ. ಕೈಯಲ್ಲಿ ಹಿಡಿದರೆ ಇದು ಸ್ಪಷ್ಟ. ಆದರೆ ಹಾರುವ ಹಕ್ಕಿಯನ್ನು ನೆಲದಲ್ಲಿ ನಿಂತು ನೋಡುವವನಿಗೆ ಸೊಂಟ ಕಾಣುವುದೇ ಇಲ್ಲ. ಹಕ್ಕಿ ಮೈ ಹೊರಳಿಸಿದ ಕ್ಷಣಾರ್ಧದಲ್ಲಿ ಕಂಡರೆ ಕಂಡಿತು, ಇಲ್ಲವಾದರೆ ಇಲ್ಲ. ಬಿಸಿಲು ಬಡಿದು ಹೊಳೆದ ಕಪ್ಪು ಸೊಂಟವೂ ಬೆಳ್ಳಗೆ ಕಂಡು ಮೋಸಗೊಳಿಸುತ್ತದೆ. ಜೋಗದಲ್ಲಿ ಮೇಲೆ ನಿಂತು ನೋಡುವ ಅನುಕೂಲವನ್ನು ಹೇಳಿದ್ದು ಈ ಕಾರಣಕ್ಕಾಗಿ. ಚೂಪುತೋಕೆಯ ಬಾನಾಡಿ ಗೂಡು ಕಟ್ಟುವುದು ಮೇಘಾಲಯದ ಚೆರಾಪುಂಜಿಯ ಕಡೆಯ ಕಡಿದಾದ ಬಂಡೆಗಳಲ್ಲಿ ಹಾಗೂ ಭೂತಾನದಲ್ಲಿ. ಆ ಪ್ರಪಾತಗಳ ನೆತ್ತಿಯಲ್ಲಿ ನಿಂತು ಕೆಳಗೆ ನೋಡಿದಾಗಲೇ ಸಂದೇಹ ಚೆನ್ನಾಗಿ ಪರಿಹಾರವಾಗುವುದು.

ಪಂಡಿತರಿಗೂ ಈ ಕುಲದ ಲೆಕ್ಕ ಸುಲಭವಾಗಿ ಬಗೆಹರಿಯಲಿಲ್ಲ. ಬ್ಲೈತರ ಹಕ್ಕಿಯನ್ನು ಬಹುಕಾಲ ಪೂರ್ವ ಏಷ್ಯದ ಪೆಸಿಫಿಕ್ ಬಾನಾಡಿಯ ಉಪಭೇದವೆಂದು ಎಣಿಸಿದ್ದರು. ೨೦೧೧ರಲ್ಲಿ ಮಾದರಿಗಳನ್ನು ಮತ್ತೆ ಅಳೆದು ತೂಗಿ ನೋಡಿದ ಮೇಲೆ ಅದಕ್ಕೆ ಸ್ವತಂತ್ರ ಪ್ರಭೇದದ ಸ್ಥಾನ ಮರಳಿ ದೊರೆಯಿತು. ನಮ್ಮ ಸಲೀಂ ಅಲಿಯವರ ಹೆಸರನ್ನು ಹೊತ್ತ, ೧೯೫೮ರಲ್ಲಿ ಡೇವಿಡ್ ಲ್ಯಾಕ್ ಎಂಬ ವಿದ್ವಾಂಸರು ಹೆಸರಿಸಿದ ಬಾನಾಡಿಯೂ ಅದೇ ವಿಮರ್ಶೆಯಲ್ಲಿ ಸ್ವತಂತ್ರವಾಯಿತು. ಹೀಗೆ ಹತ್ತೊಂಬತ್ತನೆಯ ಶತಮಾನದ ಕಣ್ಣು ಕಂಡುದನ್ನು ಇಪ್ಪತ್ತೊಂದನೆಯ ಶತಮಾನವು ಮತ್ತೆ ಒಪ್ಪಿಕೊಂಡಿತು.

ಸೊಂಟದ ಮೇಲಿನ ಒಂದು ಬಿಳಿಯ ಪಟ್ಟಿಗಾಗಿ ಇಷ್ಟು ಜಿಜ್ಞಾಸೆಯೇಕೆ ಎಂದು ವಿದ್ಯಾರ್ಥಿಗಳು ಕೇಳಿಯಾರು. ಕನ್ನಡವನ್ನು ಓದುವವರಿಗೆ ಇದರ ಉತ್ತರ ತಮ್ಮ ಭಾಷೆಯಲ್ಲಿಯೇ ಇದೆ. ಹಳಗನ್ನಡದಲ್ಲಿ ಳಕಾರ, ೞಕಾರಗಳೆಂಬ ಎರಡು ಅಕ್ಷರಗಳಿದ್ದವು. ಅಳಿ ಎಂದರೆ ದುಂಬಿ. ಅೞಿ ಎಂದರೆ ನಾಶವಾಗು. ಎರಡನ್ನೂ ಒಂದೇ ಎಂದು ಓದಿದ ಲಿಪಿಕಾರನ ಕೈಯಲ್ಲಿ ಪಾಠ ಕೆಟ್ಟಿತು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣದಲ್ಲಿ ಈ ಅಕ್ಷರಭೇದವನ್ನು ಅಷ್ಟು ಶ್ರಮವಹಿಸಿ ನಿರೂಪಿಸಿದ್ದು ಆ ಭೇದ ಜನರ ಬಾಯಲ್ಲಿ ಮಾಸುತ್ತಿದ್ದಾಗ. ಇಂದಿನ ನುಡಿಯಲ್ಲಿ ೞಕಾರವಿಲ್ಲ. ಅದೊಂದು ಇತ್ತೆಂಬುದು ನಮಗೆ ತಿಳಿದಿರುವುದು ಬೇರ್ಪಡಿಸಿ ಬರೆದಿಟ್ಟವರ ದೆಸೆಯಿಂದ. ಜೀವಿಗಳ ವಿಷಯದಲ್ಲಿಯೂ ನ್ಯಾಯ ಇದೇ. ಬಿಳಿ ಸೊಂಟದ ಬಾನಾಡಿಗಳು ಸಾವಿರಾರು ಹಾರುತ್ತಿರುವಾಗ, ಕೆಲವೇ ಬಂಡೆಗಳನ್ನು ನೆಚ್ಚಿರುವ ಕಪ್ಪು ಸೊಂಟದವು ಒಂದು ದಿನ ಇಲ್ಲವಾದರೆ, ಭೇದವನ್ನರಿಯದವನ ಲೆಕ್ಕದಲ್ಲಿ ಯಾವ ನಷ್ಟವೂ ಆಗಿರುವುದಿಲ್ಲ.

ಜರ್ಡನ್ನರ ಮಾರ್ಗದಲ್ಲಿ ಇಂದಿನ ಮನಸ್ಸಿಗೆ ಒಗ್ಗದ ಸಂಗತಿಗಳೂ ಉಂಟು. ಅಂದು ಅರಿಯುವುದೆಂದರೆ ಮೊದಲು ಕೊಲ್ಲುವುದೇ ಆಗಿತ್ತು. ಬಂದೂಕಿಲ್ಲದೆ ಮಾದರಿಯಿಲ್ಲ, ಮಾದರಿಯಿಲ್ಲದೆ ವರ್ಣನೆಯಿಲ್ಲ. ಅವರ ವೃತ್ತಿ, ಪಯಣ, ಬಿಡುವು ಎಲ್ಲವೂ ಪರಕೀಯ ಪ್ರಭುತ್ವದ ಸೈನ್ಯವು ಒದಗಿಸಿದವು. ಹಕ್ಕಿಯ ಗೂಡನ್ನು ತೋರಿಸಿದ, ಬಂಡೆಯನ್ನು ಹತ್ತಿ ಮೊಟ್ಟೆಯನ್ನು ತಂದ ಕೈಗಳ ಹೆಸರು ಗ್ರಂಥಗಳಲ್ಲಿ ಬಹುಮಟ್ಟಿಗೆ ಉಳಿಯಲಿಲ್ಲ. ಆದರೂ ದೇಶಭಾಷೆಯ ಹೆಸರುಗಳನ್ನು ಕೇಳಿ ಬರೆದುಕೊಂಡ ಜರ್ಡನ್ನರ ಪುಟಗಳಲ್ಲಿ ಆ ಅನಾಮಿಕರ ಅರಿವು ಹುದುಗಿದೆ ಎಂಬುದನ್ನು ಒಪ್ಪಬೇಕು.

ಸಸ್ತನಿಗಳನ್ನು ಕುರಿತ ಅವರ ಗ್ರಂಥ ೧೮೬೭ರಲ್ಲಿ ಹೊರಬಂದಿತು. ಮರುವರ್ಷ ಸೇವೆಯಿಂದ ನಿವೃತ್ತರಾದರು. ಆದರೆ ಅಲೆದಾಟ ನಿಲ್ಲಲಿಲ್ಲ. ಅಸ್ಸಾಮಿನ ಕಡೆ ಸಂಚರಿಸುತ್ತಿದ್ದಾಗ ಜ್ವರಕ್ಕೆ ತುತ್ತಾಗಿ, ೧೮೭೦ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ದೇಹಸ್ಥಿತಿ ಮತ್ತೆ ಮೊದಲಿನಂತಾಗಲಿಲ್ಲ. ೧೮೭೨ರ ಜೂನ್ ೧೨ರಂದು ಲಂಡನ್ನಿನ ಸಮೀಪದ ಅಪ್ಪರ್ ನಾರ್ವುಡ್‌ನಲ್ಲಿ, ಅರುವತ್ತೊಂದು ತುಂಬುವ ಮೊದಲೇ, ಕಾಲವಶರಾದರು. ಎಲ್ಲ ಕಶೇರುಕಗಳನ್ನೂ ವರ್ಣಿಸುವ ಗ್ರಂಥಮಾಲೆ ಅವರ ಕೈಯಿಂದ ಪೂರ್ಣವಾಗಲಿಲ್ಲ. ೧೮೮೮ರಿಂದ ಬ್ಲ್ಯಾನ್‌ಫರ್ಡ್ ಅವರ ಸಂಪಾದಕತ್ವದಲ್ಲಿ ಹೊರಬಂದ ಭಾರತದ ಪ್ರಾಣಿಸಂಪತ್ತ ಕುರಿತ ಮಹಾಮಾಲೆಯು ಅದೇ ಆಶಯವನ್ನು ಮುಂದುವರಿಸಿತು. ಹ್ಯೂಮ್ ಮೊದಲಾದ ಪಕ್ಷಿಶಾಸ್ತ್ರಜ್ಞರು ಹಕ್ಕಿಗಳನ್ನು ನಿರ್ದೇಶಿಸುವಾಗ ಜರ್ಡನ್ನರು ಕೊಟ್ಟ ಕ್ರಮಸಂಖ್ಯೆಗಳನ್ನೇ ಬಹುಕಾಲ ಬಳಸಿದರು.

ಅವರ ಹೆಸರಿನ ಹಕ್ಕಿಗಳಲ್ಲಿ ಒಂದರ ಕಥೆ ಈ ಮಾತಿಗೆಲ್ಲ ಸಾಕ್ಷಿ. ೧೮೪೮ರಲ್ಲಿ ಬ್ಲೈತರು ವರ್ಣಿಸಿ ಹೆಸರಿಟ್ಟ, ಓಡುವ ಸ್ವಭಾವದ ನೆಲಹಕ್ಕಿಯೊಂದು ೧೯೦೦ರ ಬಳಿಕ ಯಾರ ಕಣ್ಣಿಗೂ ಬೀಳಲಿಲ್ಲ. ಅದು ಅಳಿಯಿತೆಂದೇ ಹಲವರು ನಂಬಿದ್ದರು. ೧೯೮೬ರಲ್ಲಿ ಆಂಧ್ರದ ಕಡಪ ಜಿಲ್ಲೆಯ ಕುರುಚಲು ಕಾಡಿನಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಅದರ ನೆಲೆಯನ್ನು ರಕ್ಷಿಸಲು ಅಭಯಾರಣ್ಯವೂ ಏರ್ಪಟ್ಟಿತು. ಎಂಬತ್ತೈದು ವರ್ಷಗಳ ಕಾಲ ಜನ ಅದನ್ನು ಹುಡುಕಿದ್ದು, ಸಿಕ್ಕಿದಾಗ ಇದೇ ಅದು ಎಂದು ಗುರುತಿಸಿದ್ದು ಹೇಗೆ? ಅದರ ಬಂಧುಗಳಿಂದ ಅದನ್ನು ಬೇರ್ಪಡಿಸಿ ವರ್ಣಿಸಿದ ಬರಹವೊಂದು ಇದ್ದುದರಿಂದ. ನಮ್ಮ ಮಕ್ಕಳು ಮನೆಯ ಮೇಲೆ ಹಾರುವ ಹಕ್ಕಿಯನ್ನು ಕಂಡು, ಅದು ಕವಲುತೋಕೆಯೋ ಬಾನಾಡಿಯೋ, ಬಾನಾಡಿಯಾದರೆ ಸೊಂಟ ಬಿಳಿದೋ ಕಪ್ಪೋ ಎಂದು ಒಂದು ಗಳಿಗೆ ತಡೆದು ನೋಡುವಂತಾದರೆ, ಜರ್ಡನ್ನರು ಮೂವತ್ತಕ್ಕೂ ಹೆಚ್ಚು ವರ್ಷ ಈ ನೆಲದಲ್ಲಿ ಅಲೆದದ್ದು ಸಾರ್ಥಕ. ಉಳಿಸುವ ಕೆಲಸ ಮೊದಲಾಗುವುದು ಆ ಗಳಿಗೆಯ ನೋಟದಿಂದಲೇ.